ಪಟ್ಟದ ಪಯಣ

ಪುತ್ತೂರು, ಸುಳ್ಯ, ಕಡಬಗಳ ಕಡೆ ಮದುಮಗಳು ಉಡುವುದು ಪಟ್ಟೆಸೀರೆ. ಗುತ್ತಿನ ಯಜಮಾನನಿಗೆ ಆಗುವುದು ಗಡಿಪಟ್ಟ. ಬಡಗನ್ನೂರಿನಲ್ಲಿ ಪಟ್ಟೆಯೆಂಬ ಊರೂ ಇದೆ. ಆದರೆ ಧ್ವನಿಸಾಮ್ಯವೊಂದರಿಂದಲೇ ಊರಿನ ಹೆಸರನ್ನು ಈ ಬಳಗಕ್ಕೆ ಸೇರಿಸಲಾಗದು. ಉಳಿದವುಗಳ ಮೂಲ ಸಂಸ್ಕೃತದ 'ಪಟ್ಟ': ಹಲಗೆ, ಪೀಠ, ರೇಷ್ಮೆ, ಅರಸನ ಹಣೆಗೆ ಕಟ್ಟುವ ಪಟ್ಟಿ. ಚಾಲುಕ್ಯರ ಪಟ್ಟದಕಲ್ಲು ಆ ಅರ್ಥವನ್ನು ಹೆಸರಿನಲ್ಲೇ ಉಳಿಸಿಕೊಂಡಿದೆ. ಬರೆಯುವ ಫಲಕವೂ ಪಟ್ಟವಾದ್ದರಿಂದ ದಾನಶಾಸನ 'ತಾಮ್ರಪಟ್ಟ'ವಾಯಿತು, ಜಮೀನಿನ ದಾಖಲೆ 'ಪಟ್ಟಾ' ಆಯಿತು.

1974ರ ಭೂಸುಧಾರಣೆಯ ಬಳಿಕ ನಮ್ಮೂರಿನ ವೃದ್ಧ ಒಕ್ಕಲೊಬ್ಬರು ತಮ್ಮ ಹಕ್ಕುಪತ್ರವನ್ನು ಹೆಂಡತಿಯ ಮದುವೆಯ ಪಟ್ಟೆಸೀರೆಯ ತುಂಡಿನಲ್ಲಿ ಸುತ್ತಿಟ್ಟದ್ದನ್ನು ಕಂಡಿದ್ದೇನೆ. ಅವರ ಬಾಯಲ್ಲಿ ಅದೂ 'ಪಟ್ಟೆ'ಯೇ. ಅರಸನ ಹಣೆಯಿಂದಿಳಿದ ಶಬ್ದ ಉತ್ತವನ ಕೈ ಸೇರಲು ಸಾವಿರ ವರ್ಷಗಳೇ ಬೇಕಾದವು.