ಕೈಬಿಟ್ಟ ಗಾಡಿ ಏಕೆ ನಿಲ್ಲುತ್ತದೆ?

ಗಾಂಧಿ ಬಜಾರಿನಲ್ಲಿ ಹಣ್ಣಿನ ತಳ್ಳುಗಾಡಿಯನ್ನು ತಳ್ಳಿದರೆ ಮುಂದೆ ಹೋಗುತ್ತದೆ, ಕೈಬಿಟ್ಟರೆ ನಿಲ್ಲುತ್ತದೆ. ಹಾಗಾದರೆ ಬಲವಿಲ್ಲದೆ ಚಲನೆಯಿಲ್ಲವೆ? ಹೌದು ಎನ್ನುತ್ತಾರೆ ಭೌತಶಾಸ್ತ್ರದ ಮೊದಲ ಪಾಠಕ್ಕೆ ಕೂತ ಬಹುಪಾಲು ವಿದ್ಯಾರ್ಥಿಗಳು. ಗ್ರೀಸಿನ ಅರಿಸ್ಟಾಟಲನ ಉತ್ತರವೂ ಅದೇ ಆಗಿತ್ತು.

1687ರಲ್ಲಿ ಪ್ರಕಟವಾದ ನ್ಯೂಟನ್ನನ 'ಪ್ರಿನ್ಸಿಪಿಯ' ಈ ನಂಬಿಕೆಯನ್ನು ತಲೆಕೆಳಗು ಮಾಡಿತು. ಬಲ ಬೇಕಾಗುವುದು ಚಲಿಸುತ್ತಿರಲು ಅಲ್ಲ, ಚಲನೆ ಬದಲಾಗಲು. ಗಾಡಿ ನಿಲ್ಲುವುದು ಬಲ ಇಲ್ಲವಾದ್ದರಿಂದ ಅಲ್ಲ; ಘರ್ಷಣೆಯೆಂಬ ಇನ್ನೊಂದು ಬಲ ಹಿಂದಕ್ಕೆ ಎಳೆಯುವುದರಿಂದ. ಗಾಡಿ ಒಂದೇ ವೇಗದಲ್ಲಿ ನೇರವಾಗಿ ಸಾಗುವಾಗ ತಳ್ಳುವ ಬಲವೂ ತಡೆಯುವ ಬಲವೂ ಸರಿಸಮ.

ಇಂಥ ವಿಷಯಗಳನ್ನು ಕನ್ನಡದಲ್ಲಿ ಹೇಳುವ ಪ್ರಯತ್ನಕ್ಕೆ ಬೆಂಗಳೂರಿನಲ್ಲಿ ನೂರು ವರ್ಷ ಮೀರಿದ ಇತಿಹಾಸವಿದೆ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆ ಆರಂಭಿಸಿದರು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಪದಗಳ ಹುಡುಕಾಟ ನಿಲ್ಲಲಿಲ್ಲ.

ತೊಡಕಿದ್ದದ್ದು ಈ ಪದಗಳಲ್ಲೇ. ಆಡುಮಾತಿನಲ್ಲಿ ಬಲ, ಶಕ್ತಿ ಎರಡೂ ಒಂದೇ; ಭೌತಶಾಸ್ತ್ರದಲ್ಲಿ ಬೇರೆ ಬೇರೆ. 'ವೇಗೋತ್ಕರ್ಷ' ಎಂದರೆ ವೇಗ ಏರುವುದು ಎಂದೇ ತೋರುತ್ತದೆ. ಆದರೆ ಬಸ್ಸು ಬ್ರೇಕ್ ಹಾಕಿದಾಗಲೂ, ಅದೇ ವೇಗದಲ್ಲಿ ತಿರುವು ತೆಗೆದುಕೊಂಡಾಗಲೂ ಇರುವುದು ವೇಗೋತ್ಕರ್ಷವೇ. 'ವೇಗ'ದ ಕತೆ ಇನ್ನೂ ಸ್ವಾರಸ್ಯದ್ದು. ವೈಶೇಷಿಕ ದರ್ಶನದ ಪ್ರಶಸ್ತಪಾದನ ಪ್ರಕಾರ ವೇಗವೆಂಬುದು ವಸ್ತುವಿನೊಳಗೆ ಹುಟ್ಟಿ ಅದನ್ನು ಮುಂದಕ್ಕೆ ಸಾಗಿಸುವ ಒಂದು ಸಂಸ್ಕಾರ. ಮೇಲಕ್ಕೆಸೆದ ಚೆಂಡಿನಲ್ಲಿ 'ಎಸೆದ ಬಲ' ಉಳಿದಿರುತ್ತದೆ ಎನ್ನುವ ಇಂದಿನ ವಿದ್ಯಾರ್ಥಿಯ ಊಹೆಯೂ ಇದಕ್ಕೆ ಹತ್ತಿರದ್ದೇ. ವಾಸ್ತವವಾಗಿ ಕೈಬಿಟ್ಟ ಮೇಲೆ ಚೆಂಡಿನ ಮೇಲಿರುವುದು ಭೂಮಿಯ ಸೆಳೆತ ಮತ್ತು ಗಾಳಿಯ ಅಲ್ಪ ತಡೆ ಮಾತ್ರ.

ಹಾಗೆಂದು ಇಂಗ್ಲಿಷಿನಲ್ಲಿ ಕಲಿತರೆ ತಪ್ಪು ತಾನಾಗಿ ಹೋಗುವುದಿಲ್ಲ. ಅಮೆರಿಕದಲ್ಲಿ 1992ರಲ್ಲಿ ಹೆಸ್ಟೆನಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಶ್ನಾವಳಿಯೊಂದು ಅಲ್ಲಿನ ವಿದ್ಯಾರ್ಥಿಗಳಲ್ಲೂ ಇದೇ ನಂಬಿಕೆಗಳನ್ನು ಎತ್ತಿ ತೋರಿಸಿತು. ಸೂತ್ರ ಬಳಸಿ ಲೆಕ್ಕ ಬಿಡಿಸಬಲ್ಲವರೂ ಸರಳ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟಿದ್ದರು. ಆದರೆ ಹತ್ತನೆಯ ತರಗತಿವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರುವ ಹುಡುಗನ ಹೊರೆ ಎರಡು: ಹೊಸ ಭಾಷೆಯ ಜೊತೆಗೇ ತನ್ನ ಕಣ್ಣು ಕಂಡದ್ದನ್ನು ಸಂದೇಹಿಸುವುದನ್ನೂ ಅವನು ಕಲಿಯಬೇಕು.

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ಡಾ. ಎಚ್. ನರಸಿಂಹಯ್ಯನವರು ಪ್ರಶ್ನೆಗೆ ಪಟ್ಟುಹಿಡಿದದ್ದು ಇದಕ್ಕಾಗಿಯೇ. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆ ಉಪನ್ಯಾಸಗಳನ್ನು ಜನಸಾಮಾನ್ಯರಿಗೂ ತೆರೆದಿಟ್ಟಿತು. ಸೂತ್ರ ಬಾಯಿಪಾಠವಾದರೆ ಪರೀಕ್ಷೆ ಪಾಸಾಗಬಹುದು. ಗಾಡಿ ಏಕೆ ನಿಂತಿತು ಎಂದು ಕೇಳಲು ಕಲಿತವನಿಗೆ ಮಾತ್ರ ಆ ಸೂತ್ರ ಅರ್ಥವಾಗುತ್ತದೆ.