ಗಡಿನಾಡಿನಲ್ಲಿ ಆಫ್‌ರೋಡ್: ಜೀಪು ಎಲ್ಲಿ ಇಳಿಸಬಹುದು, ಎಲ್ಲಿ ಬಾರದು



ಮಳೆ ನಿಂತು ಹಾದಿ ಗಟ್ಟಿಯಾಗುವ ಹೊತ್ತಿಗೆ ಫೋರ್ ವೀಲ್ ಡ್ರೈವ್ ಗಾಡಿ ಇಟ್ಟುಕೊಂಡವರಿಗೆ ಮನೆಯಲ್ಲಿ ಕೂತಿರಲು ಆಗುವುದಿಲ್ಲ. ಡಾಂಬರು ಬಿಟ್ಟು ಗುಡ್ಡ, ಹೊಳೆ, ಬಯಲಿನ ಕಡೆ ಹೋಗುವ ಹವ್ಯಾಸ ನಮ್ಮ ಊರುಗಳಲ್ಲೂ ಬೆಳೆಯುತ್ತಿದೆ. ಆದರೆ ಗಡಿನಾಡಿನ ನಮಗೆ ಇದರಲ್ಲಿ ಒಂದು ಹೆಚ್ಚಿನ ತೊಡಕಿದೆ. ಒಂದೇ ಬೆಳಗಿನ ಓಡಾಟದಲ್ಲಿ ರಾಜ್ಯ ಬದಲಾಗುತ್ತದೆ. ಅದರೊಂದಿಗೆ ಅರಣ್ಯ ಕಾಯ್ದೆ, ಭೂದಾಖಲೆಯ ಹೆಸರು, ಅದನ್ನು ಬರೆದ ಭಾಷೆ ಎಲ್ಲವೂ ಬದಲಾಗುತ್ತವೆ. ಗುಡ್ಡ ಮಾತ್ರ ಅದೇ ಇರುತ್ತದೆ.

ನೆನಪಿಡಬೇಕಾದ ಮಾತು ಒಂದೇ: ಖಾಲಿ ಕಾಣುವ ಪ್ರತಿ ಜಾಗಕ್ಕೂ ಒಡೆಯರಿದ್ದಾರೆ. ಅದು ಅರಣ್ಯ ಇಲಾಖೆಯದ್ದಿರಬಹುದು, ಕಂದಾಯ ಇಲಾಖೆಯದ್ದಿರಬಹುದು, ಊರಿನ ಗೋಮಾಳವಿರಬಹುದು, ಒಬ್ಬ ರೈತನ ಪಟ್ಟಾ ಜಮೀನಿರಬಹುದು. ಯಾರದೆಂದು ತಿಳಿದ ಮೇಲೆಯೇ ಗಾಡಿ ಇಳಿಸಬೇಕು.

ಇಳಿಸಲೇಬಾರದ ಜಾಗಗಳು

ವನ್ಯಜೀವಿ ಧಾಮ, ರಾಷ್ಟ್ರೀಯ ಉದ್ಯಾನ ಮತ್ತು ಅವುಗಳನ್ನೊಳಗೊಂಡ ಹುಲಿ ಸಂರಕ್ಷಿತ ಪ್ರದೇಶಗಳು ಮೊದಲನೆಯವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಧಾಮದೊಳಗೆ ಕಾಲಿಡುವುದೇ ತಪ್ಪು. 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ವಾಹನವನ್ನೂ ಜಪ್ತಿ ಮಾಡಬಹುದು.

ಎರಡನೆಯದು ಮೀಸಲು ಅರಣ್ಯ. ಇಲ್ಲಿ ರಾಜ್ಯಕ್ಕೊಂದು ಕಾಯ್ದೆ: ಕೇರಳದಲ್ಲಿ 1961ರದ್ದು, ತಮಿಳುನಾಡಿನಲ್ಲಿ 1882ರದ್ದು, ಆಂಧ್ರ ಮತ್ತು ತೆಲಂಗಾಣದಲ್ಲಿ 1967ರದ್ದು, ಕರ್ನಾಟಕದಲ್ಲಿ 1963ರದ್ದು. ಮಹಾರಾಷ್ಟ್ರ ಮತ್ತು ಗೋವಾದಲ್ಲಿ 1927ರ ಭಾರತೀಯ ಅರಣ್ಯ ಕಾಯ್ದೆ ನಡೆಯುತ್ತದೆ. ಹೆಸರು ಬೇರೆಯಾದರೂ ತಿರುಳು ಒಂದೇ, ಅನುಮತಿಯಿಲ್ಲದೆ ಒಳಗೆ ಹೋಗುವುದು ಅತಿಕ್ರಮಣ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿ ಕಡೆಯ ಸದಸ್ಯರು ಇಲ್ಲೊಂದು ವಿಷಯ ಗಮನಿಸಬೇಕು. ಕಾಡೆಂದರೆ ಮರಗಳೇ ಇರಬೇಕೆಂದಿಲ್ಲ. ಸೊಲ್ಲಾಪುರದ ಬಳಿಯ ನಾನ್ನಜ ಮತ್ತು ಆಂಧ್ರದ ರೋಳ್ಳಪಾಡು ನೋಡಲು ಬರೀ ಹುಲ್ಲುಗಾವಲು. ಆದರೆ ಎರಡೂ ಎರ್ಲಡ್ಡು ಹಕ್ಕಿಗಾಗಿ ಘೋಷಿಸಿದ ಧಾಮಗಳು. ಮರಾಠಿಯಲ್ಲಿ ಮಾಳಢೋಕ ಎನ್ನುವ ಈ ಹಕ್ಕಿ ಬರಿ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ, ಅದೂ ಸಾಮಾನ್ಯವಾಗಿ ಒಂದೇ ಒಂದು. ದೇಶದಲ್ಲಿ ಈಗ ಬೆರಳೆಣಿಕೆಯ ಕಡೆ ಮಾತ್ರ ಉಳಿದಿರುವ ಹಕ್ಕಿಯ ನೆಲೆಯಲ್ಲಿ ಒಂದು ಟೈರಿನ ಜಾಡು ಏನು ಮಾಡಬಹುದೆಂದು ಹೇಳಬೇಕಿಲ್ಲ. ಮಡಕಶಿರಾದವರಿಗೆ ಹತ್ತಿರದ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೂ ಇಂಥದೇ ಬಯಲು.

ಮೂರನೆಯದು ಕಡಲ ತೀರ. ಗೋವಾದ ಬೀಚುಗಳಲ್ಲಿ ವಾಹನ ಓಡಿಸುವಂತಿಲ್ಲ. ಮೊರ್ಜಿ, ಆಗೊಂದ, ಗಾಲ್ಜಿಬಾಗ್‌ಗಳು ಆಮೆಗಳು ಮೊಟ್ಟೆಯಿಡುವ ತೀರಗಳೂ ಹೌದು. ಕಾಸರಗೋಡಿನ ಕರಾವಳಿಗೂ ಕಡಲಾಮೆಗಳು ಬರುತ್ತವೆ.

ಕಾಡಿನೊಳಗೆ ಹಾದುಹೋಗುವ ರಸ್ತೆಗಳು

ಸಾರ್ವಜನಿಕ ಹೆದ್ದಾರಿಯಲ್ಲಿ ಧಾಮವನ್ನು ಹಾದುಹೋಗುವವರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಆ ವಿನಾಯಿತಿ ಹೆದ್ದಾರಿಯ ಅಂಚಿಗೆ ಮುಗಿಯುತ್ತದೆ. ಪಕ್ಕದ ಮಣ್ಣಿನ ದಾರಿಗೆ ತಿರುಗಿಸಿದರೆ ಅದು ಅತಿಕ್ರಮಣವೇ. ಈ ರಸ್ತೆಗಳಿಗೆ ಸಮಯದ ಕಟ್ಟೂ ಇದೆ.

ಬಂಡೀಪುರದ ಮೂಲಕ ವಯನಾಡಿಗೆ ಹೋಗುವ 766ನೇ ಹೆದ್ದಾರಿ ಮತ್ತು ಊಟಿಗೆ ಹೋಗುವ 181ನೇ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ದಿಂಬಂ ಘಾಟಿಯಲ್ಲಿ ಮದ್ರಾಸ್ ಹೈಕೋರ್ಟಿನ 2022ರ ಆದೇಶದಂತೆ ಸರಕು ವಾಹನಗಳಿಗೆ ಸಂಜೆ 6ರಿಂದ, ಕಾರು ಜೀಪುಗಳಿಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧ ಬಂತು. ತರಕಾರಿ ಸಾಗಿಸುವ ತಾಳವಾಡಿಯ ರೈತರಿಗೆ ಇದು ಹೊಟ್ಟೆಪಾಡಿನ ವಿಷಯ. ಮೋಜಿಗೆ ಬಂದವರ ವೇಗಕ್ಕೆ ಪ್ರಾಣಿಗಳು ಸತ್ತಷ್ಟೂ ಇಂಥ ನಿರ್ಬಂಧಗಳು ಬಿಗಿಯಾಗುತ್ತವೆ, ಅದರ ಭಾರ ಬೀಳುವುದು ಅಲ್ಲೇ ಬದುಕುವ ನಮ್ಮವರ ಮೇಲೆ. ಇದನ್ನು ಮರೆಯಬಾರದು.

2024ರ ಮೇ 7ರಿಂದ ನೀಲಗಿರಿ ಜಿಲ್ಲೆಗೆ ಹೊರಗಿನ ವಾಹನಗಳು ಇ-ಪಾಸ್ ಪಡೆದು ಹೋಗಬೇಕೆಂಬ ನಿಯಮ ಬಂದಿದೆ. ಹೊರಡುವ ಮೊದಲೇ ಅದನ್ನು ಮಾಡಿಸಿಕೊಳ್ಳಿ.

ಹೋಗಬಹುದಾದ ಜಾಗಗಳು

ಸ್ವಂತ ಗಾಡಿಗೆ ಮರಳಿನ ಅನುಭವ ಬೇಕೆಂದರೆ ಕಣ್ಣೂರು ಮತ್ತು ತಲಶ್ಶೇರಿ ನಡುವಿನ ಮುಳಪ್ಪಿಲಂಗಾಡ್ ಬೀಚ್ ಇದೆ. ಗಟ್ಟಿ ಮರಳಿನ ಮೇಲೆ ಸುಮಾರು 4 ಕಿಲೋಮೀಟರ್ ವಾಹನ ಓಡಿಸಲು ಬಿಡುವ ತೀರವಿದು. ಕಾಸರಗೋಡಿನವರು ಒಂದೇ ದಿನದಲ್ಲಿ ಹೋಗಿ ಬರಬಹುದು. ಭರತ ಇಳಿತದ ವೇಳೆ ನೋಡಿಕೊಂಡು, ಅಲ್ಲಿನ ಕಾವಲುಗಾರರ ಮಾತಿನಂತೆ ನಡೆಯಬೇಕು.

ಕಾಡಿನ ಕಚ್ಚಾ ದಾರಿ ನೋಡಬೇಕೆಂದರೆ ನಮ್ಮ ಗಾಡಿ ಬಿಟ್ಟು ಅಲ್ಲಿನ ಗಾಡಿ ಹತ್ತುವುದೇ ಸರಿಯಾದ ದಾರಿ. ಗೋವಾದ ಕುಳೆಯಿಂದ ದೂಧಸಾಗರಕ್ಕೆ ಭಗವಾನ್ ಮಹಾವೀರ ಧಾಮದೊಳಗೆ ನೋಂದಾಯಿತ ಸ್ಥಳೀಯ ಜೀಪುಗಳು ಹೋಗುತ್ತವೆ, ಮಳೆಗಾಲದಲ್ಲಿ ಬಂದ್. ವಯನಾಡಿನ ಮುತ್ತಂಗ ಮತ್ತು ತೋಲ್ಪೆಟ್ಟಿ, ಮುದುಮಲೆಯ ತೆಪ್ಪಕಾಡು, ಊಟಿ ಕಡೆಯ ಅವಲಾಂಚಿ, ಈ ಎಲ್ಲ ಕಡೆ ಅನುಮತಿ ಪಡೆದ ವಾಹನ ಅಥವಾ ಇಲಾಖೆಯ ವಾಹನದಲ್ಲೇ ಹೋಗಬೇಕು. ಕೊಡಗಿನ ಮಾಂದಲಪಟ್ಟಿ, ಮೂಕಾಂಬಿಕಾ ಧಾಮದೊಳಗಿನ ಕೊಡಚಾದ್ರಿಗಳಲ್ಲೂ ಸ್ಥಳೀಯ ಜೀಪುಗಳಿವೆ. ಆ ಚಾಲಕರಿಗೆ ಪ್ರತಿ ತಿರುವೂ ಗೊತ್ತು, ನಾವು ಕೊಡುವ ಬಾಡಿಗೆ ಅದೇ ಊರಿನಲ್ಲಿ ಉಳಿಯುತ್ತದೆ.

ಕೆಸರು, ಬಂಡೆ, ಕಡಿದಾದ ಏರು ಬೇಕೆನ್ನುವವರಿಗೆ ಆಯೋಜಿತ ಕಾರ್ಯಕ್ರಮಗಳಿವೆ. 2014ರಲ್ಲಿ ಗೋವಾದಲ್ಲಿ ಶುರುವಾದ ರೇನ್‌ಫಾರೆಸ್ಟ್ ಚಾಲೆಂಜ್ ಇಂಡಿಯಾ ಅಂಥದ್ದರಲ್ಲಿ ಹೆಸರಾದದ್ದು. ಆಫ್‌ರೋಡ್ ಕ್ಲಬ್ಬುಗಳು ಖಾಸಗಿ ತೋಟ, ಹೊಲಗಳಲ್ಲಿ ತರಬೇತಿ ನಡೆಸುತ್ತವೆ. ಸೇರುವ ಮೊದಲು ಜಾಗದ ಒಡೆಯರ ಒಪ್ಪಿಗೆ ಪತ್ರ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಜಾಗ ಯಾರದು ಎಂದು ತಿಳಿಯುವುದು ಹೇಗೆ?

ಸರ್ವೆ ನಂಬರ್ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಆಮೇಲೆ ಕೇಳಬೇಕಾದ ದಾಖಲೆ ರಾಜ್ಯಕ್ಕೊಂದು:

• ಕರ್ನಾಟಕ: ಪಹಣಿ. ಭೂಮಿ ಜಾಲತಾಣದಲ್ಲಿ ಸಿಗುತ್ತದೆ.
• ಮಹಾರಾಷ್ಟ್ರ: 7/12, ಅಂದರೆ ಸಾತಬಾರಾ ಉತಾರಾ. 'ಗಾಯರಾನ್' ಎಂದಿದ್ದರೆ ಅದು ದನ ಮೇಯುವ ಊರ ಜಾಗ.
• ತಮಿಳುನಾಡು: ಪಟ್ಟಾ, ಚಿಟ್ಟಾ.
• ಕೇರಳ: ವಿಲೇಜ್ ಆಫೀಸಿನ ತಂಡಪ್ಪೇರು ಮತ್ತು ಭೂತೆರಿಗೆ ರಸೀದಿ.
• ಆಂಧ್ರ: ಅಡಂಗಲ್ ಮತ್ತು 1-ಬಿ. ಮೀಭೂಮಿ ಜಾಲತಾಣದಲ್ಲಿ ಸಿಗುತ್ತವೆ.
• ತೆಲಂಗಾಣ: ಮೊದಲಿನ ಧರಣಿ ಬದಲಿಗೆ 2025ರಿಂದ ಭೂಭಾರತಿ.
• ಗೋವಾ: ಫಾರ್ಮ್ 1 ಮತ್ತು 14.

ತಮಿಳು, ತೆಲುಗು ದಾಖಲೆಗಳಲ್ಲಿ 'ಪೊರಂಬೋಕು' ಎಂದಿದ್ದರೆ ಅದು ಸರ್ಕಾರಿ ಜಾಗ. ಕೆರೆ, ಹಳ್ಳ, ದಾರಿ ಯಾವುದೂ ಇರಬಹುದು. ಸರ್ಕಾರಿ ಜಾಗವೆಂದರೆ ಯಾರೂ ಓಡಿಸಬಹುದಾದ ಜಾಗ ಎಂದಲ್ಲ; ಅದಕ್ಕೆ ಕಂದಾಯ ಕಚೇರಿಯಲ್ಲಿ ಕೇಳಬೇಕು. ಪಟ್ಟಾ ಜಮೀನಾದರೆ ಒಡೆಯರಿಂದ ದಿನಾಂಕ ಹಾಕಿದ ಬರಹದ ಒಪ್ಪಿಗೆ ಪಡೆಯಿರಿ. ಗುತ್ತಿಗೆಗೆ ಉಳುವವರಿದ್ದರೆ ಅವರನ್ನೂ ಕೇಳಿ, ಬೆಳೆ ಅವರದ್ದು.

ಗಾಡಿಯ ಕಾಗದಪತ್ರ

ಮೋಟಾರು ವಾಹನ ಕಾಯ್ದೆಯಲ್ಲಿ 'ಸಾರ್ವಜನಿಕ ಸ್ಥಳ' ಎಂದರೆ ರಸ್ತೆ ಮಾತ್ರವಲ್ಲ, ಜನರಿಗೆ ಹೋಗುವ ಹಕ್ಕಿರುವ ಯಾವ ಜಾಗವೂ ಹೌದು. ಹಾಗಾಗಿ ಬೀಚಿನಲ್ಲೂ ಲೈಸೆನ್ಸು, ವಿಮೆ ಬೇಕು. ಹುಡುಗರ ಕೈಗೆ ಸ್ಟೀರಿಂಗ್ ಕೊಟ್ಟರೆ ಪೋಷಕರಿಗೆ 3 ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡದ ಅವಕಾಶವಿದೆ.

ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಂದಿನ ಬುಲ್ ಬಾರ್‌ಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಸೂಚನೆ ಕೊಟ್ಟಿದೆ. ಸಾಮಾನ್ಯ ಕಾರು ವಿಮೆ ಸಂಘಟಿತ ರೇಸು, ವೇಗ ಪರೀಕ್ಷೆಗಳಿಗೆ ಅನ್ವಯಿಸುವುದಿಲ್ಲ. ಸ್ಪರ್ಧೆಗೆ ಹೋಗುವವರು ಹೆಚ್ಚುವರಿ ವಿಮೆಯ ಬಗ್ಗೆ ಮೊದಲೇ ವಿಚಾರಿಸಬೇಕು.

ನೆಲದ ಮೇಲೆ

ಇರುವ ಜಾಡಿನಲ್ಲೇ ಹೋಗಿ, ಹೊಸ ಜಾಡು ಮಾಡಬೇಡಿ. ಎರೆ ಹೊಲದಲ್ಲಿ ಹಸಿ ಇದ್ದಾಗ ಇಳಿಯಲೇಬೇಡಿ. ಚಕ್ರ ಕೊರೆದ ಗೆರೆಯಲ್ಲಿ ಮುಂದಿನ ಮಳೆಯ ನೀರು ಹರಿದು ಕೊರಕಲಾಗುತ್ತದೆ. ಬದು ಹತ್ತಿಸಬೇಡಿ. ಕುರಿ ಹಿಂಡು ಎದುರಾದರೆ ಎಂಜಿನ್ ನಿಲ್ಲಿಸಿ ಕಾಯಿರಿ. ಕನಿಷ್ಠ ಎರಡು ಗಾಡಿಗಳಲ್ಲಿ ಹೋಗಿ, ಮನೆಯವರಿಗೆ ದಾರಿ ತಿಳಿಸಿ. ಮರಳಿಗಾಗಿ ಗಾಳಿ ಇಳಿಸಿದ ಟೈರಿಗೆ ಡಾಂಬರು ಹತ್ತುವ ಮೊದಲು ಮತ್ತೆ ಗಾಳಿ ತುಂಬಿಸಿ.

ಹೊರಡುವ ಹಿಂದಿನ ದಿನ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಈ ಜಾಗ ಯಾರದು? ಅವರು ಹೂಂ ಅಂದಿದ್ದಾರೆಯೇ? ಮುಂದಿನ ವರ್ಷ ನಾವು ಮತ್ತೆ ಹೋದರೆ ಆ ಊರಿನವರು ಬನ್ನಿ ಎನ್ನುತ್ತಾರೆಯೇ? ಮೂರಕ್ಕೂ ಹೌದೆನ್ನುವ ಉತ್ತರ ಸಿಕ್ಕಿದರೆ ಗಾಡಿ ತೆಗೆಯಿರಿ. ಒಂದಕ್ಕೆ ಸಿಗದಿದ್ದರೂ ಆ ದಿನ ಡಾಂಬರು ರಸ್ತೆಯೇ ಸಾಕು.