ರಕ್ತನಾಳದ ಒಳಹಾಸಿನ ಗಾಯ: ಒಂದು ಸೂಚಕದ ಚರಿತ್ರೆ

ರಕ್ತನಾಳಗಳ ಒಳಮೈಗೆ ಒಂದೇ ಕೋಶದಷ್ಟು ದಪ್ಪದ ಹಾಸೊಂದಿದೆ. 1865ರಲ್ಲಿ ಬಾಸೆಲ್‌ನ ಅಂಗರಚನಾಶಾಸ್ತ್ರಜ್ಞ ವಿಲ್ಹೆಲ್ಮ್ ಹಿಸ್ ಅದಕ್ಕೆ ಎಂಡೋಥೀಲಿಯಂ ಎಂದು ಹೆಸರಿಟ್ಟ ಮೇಲೂ ಬಹುಕಾಲ ವೈದ್ಯರು ಅದನ್ನು ರಕ್ತ ಸೋರದಂತೆ ತಡೆಯುವ ತೆಳುಪೊರೆಯೆಂದಷ್ಟೇ ಬಗೆದಿದ್ದರು. ಬದುಕಿರುವ ರೋಗಿಯ ಮೈಯೊಳಗೆ ಈ ಹಾಸು ಎಲ್ಲಿ, ಎಷ್ಟು ಕೆಟ್ಟಿದೆ ಎಂದು ನೇರವಾಗಿ ನೋಡುವುದು ಕಷ್ಟವಾದ್ದರಿಂದ, ಅದರ ಕೋಶಗಳಿಂದ ರಕ್ತಕ್ಕೆ ಬಂದು ಸೇರಿದ ವಸ್ತುವೊಂದನ್ನು ಅಳೆದು ಗಾಯವನ್ನು ಊಹಿಸಬೇಕಾಗುತ್ತದೆ. ಅಂಥ ವಸ್ತುವಿಗೆ ಸೂಚಕ ಎನ್ನುತ್ತಾರೆ. ಇವುಗಳಲ್ಲಿ ಬಹುವಾಗಿ ಬಳಕೆಗೆ ಬಂದ ವಾನ್ ವಿಲ್ಲೆಬ್ರಾಂಡ್ ಅಂಶ ಮೊದಲು ಗಮನಕ್ಕೆ ಬಂದದ್ದು ಅದರ ಕೊರತೆಯಿಂದ, ಅದೂ ಸ್ವೀಡನ್ ಮತ್ತು ಫಿನ್ಲೆಂಡ್‌ಗಳ ನಡುವೆ ಬಾಲ್ಟಿಕ್ ಸಮುದ್ರದಲ್ಲಿ ಚದುರಿಕೊಂಡಿರುವ ಓಲಂಡ್ ದ್ವೀಪಗಳ ಒಂದು ಕುಟುಂಬದಲ್ಲಿ.

1924ರಲ್ಲಿ ಈ ದ್ವೀಪಸಮೂಹದ ಫೊಗ್ಲೊ ಎಂಬಲ್ಲಿಂದ ಐದು ವರ್ಷದ ಬಾಲಕಿಯೊಬ್ಬಳು ಹೆಲ್ಸಿಂಕಿಯ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಅವರ ಬಳಿಗೆ ಬಂದಳು. ಅವಳ ಒಡಹುಟ್ಟಿದ ನಾಲ್ವರು ಹೆಣ್ಣುಮಕ್ಕಳು ಎರಡರಿಂದ ನಾಲ್ಕು ವರ್ಷದ ಪ್ರಾಯದಲ್ಲೇ ರಕ್ತಸ್ರಾವ ನಿಲ್ಲದೆ ತೀರಿಕೊಂಡಿದ್ದರು. ವೈದ್ಯರು ಆ ಮನೆತನದ 66 ಮಂದಿಯ ವಿವರ ಕಲೆಹಾಕಿ, ಅವರಲ್ಲಿ 23 ಮಂದಿಗೆ ಈ ತೊಂದರೆ ಇದ್ದುದನ್ನು ಗುರುತಿಸಿ, 1926ರಲ್ಲಿ ಸ್ವೀಡಿಷ್ ಭಾಷೆಯಲ್ಲಿ ಪ್ರಬಂಧ ಪ್ರಕಟಿಸಿದರು. ಹೆಚ್ಚಾಗಿ ಗಂಡುಮಕ್ಕಳನ್ನೇ ಕಾಡುವ ಕುಸುಮರೋಗಕ್ಕೂ ಇದಕ್ಕೂ ವ್ಯತ್ಯಾಸವಿತ್ತು. ಇಲ್ಲಿ ಹೆಂಗಸರೂ ನರಳುತ್ತಿದ್ದರು, ರಕ್ತ ಹೆಪ್ಪುಗಟ್ಟಿಸಲು ನೆರವಾಗುವ ಪ್ಲೇಟ್‌ಲೆಟ್ ಎಂಬ ಕಿರುಕಣಗಳ ಸಂಖ್ಯೆ ಸರಿಯಾಗಿಯೇ ಇತ್ತು, ಆದರೂ ಕಿವಿಯ ಹಾಲೆಗೆ ಸಣ್ಣ ಗೀರು ಹಾಕಿ, ಒಸರುವ ರಕ್ತವನ್ನು ಅರ್ಧರ್ಧ ನಿಮಿಷಕ್ಕೊಮ್ಮೆ ಹೀರುಕಾಗದಕ್ಕೆ ಒತ್ತುತ್ತ ಹೋದರೆ, ಕೆಲವೇ ನಿಮಿಷಗಳಲ್ಲಿ ಕಿರಿದಾಗಿ ಮಾಯವಾಗಬೇಕಾದ ಕೆಂಪು ಚುಕ್ಕೆ ಮಾಯವಾಗುತ್ತಿರಲಿಲ್ಲ. ದೋಷ ಪ್ಲೇಟ್‌ಲೆಟ್‌ಗಳಲ್ಲೂ ನಾಳದ ಗೋಡೆಯಲ್ಲೂ ಇರಬೇಕೆಂದು ಅವರು ಊಹಿಸಿದರು. ಆ ಬಾಲಕಿ ಹದಿಮೂರರ ಪ್ರಾಯದಲ್ಲಿ, ನಾಲ್ಕನೆಯ ಮುಟ್ಟಿನ ರಕ್ತಸ್ರಾವ ನಿಲ್ಲದೆ ಸತ್ತಳು. ಈ ರೋಗದ ಚರಿತ್ರೆ ಬರೆಯುವವರು ಅವಳ ಸಾವನ್ನು ಒಂದು ಅಡಿಟಿಪ್ಪಣಿಯಾಗಿ ದಾಟಿಹೋಗುವುದು ನ್ಯಾಯವಲ್ಲ. ಅವಳಿಗೆ ಕೊಡಬಹುದಾಗಿದ್ದ ಔಷಧಿ ಸಿದ್ಧವಾಗಲು ಇನ್ನೂ ಕಾಲು ಶತಮಾನ ಬೇಕಿತ್ತು.

1957ರಲ್ಲಿ ಸ್ವೀಡನ್ನಿನ ಇಂಗಾ ಮಾರಿ ನಿಲ್ಸನ್, ಮಾರ್ಗರೆತಾ ಮತ್ತು ಬಿರ್ಗರ್ ಬ್ಲೊಂಬೆಕ್ ಮೊದಲಾದವರು ರಕ್ತದ ದ್ರವಭಾಗವಾದ ಪ್ಲಾಸ್ಮಾದಿಂದ ಬೇರ್ಪಡಿಸಿದ ಒಂದು ಅಂಶವನ್ನು ರೋಗಿಗೆ ಕೊಟ್ಟಾಗ ಸ್ರಾವದ ಅವಧಿ ಸರಿಹೋಯಿತು. ಕುಸುಮರೋಗಿಯ ಪ್ಲಾಸ್ಮಾದಿಂದ ತೆಗೆದದ್ದೂ ಅದೇ ಕೆಲಸ ಮಾಡಿದ್ದರಿಂದ, ಎರಡು ರೋಗಗಳಲ್ಲಿ ಕೊರತೆಯಾದ ವಸ್ತು ಒಂದೇ ಅಲ್ಲವೆಂದು ಖಚಿತವಾಯಿತು. ವಾನ್ ವಿಲ್ಲೆಬ್ರಾಂಡ್ ಅಂಶವೆಂಬ ಈ ಪ್ರೋಟೀನನ್ನು ಅಳೆಯುವ ದಾರಿಯೂ ಸ್ವೀಡನ್ನಿನಿಂದಲೇ ಬಂತು. ಕಾರ್ಲ್-ಬರ್ಟಿಲ್ ಲಾರೆಲ್ 1966ರಲ್ಲಿ ರೂಪಿಸಿದ ವಿಧಾನದಲ್ಲಿ, ಪ್ರತಿಕಾಯ ಬೆರೆಸಿದ ಅಗರೋಸ್ ಎಂಬ ಲೋಳೆಯ ಹಾಳೆಯಲ್ಲಿ ಪುಟ್ಟ ಕುಳಿ ಮಾಡಿ, ಅದಕ್ಕೆ ಪ್ಲಾಸ್ಮಾ ತುಂಬಿ ವಿದ್ಯುತ್ ಹಾಯಿಸಿದರೆ, ಪ್ರೋಟೀನು ಮುಂದೆ ಸಾಗುತ್ತ ಪ್ರತಿಕಾಯದೊಡನೆ ಸೇರಿ ರಾಕೆಟ್ಟಿನಂತೆ ಮೊನಚಾದ ಗುರುತು ಮೂಡಿಸುತ್ತದೆ, ಮತ್ತು ಆ ಗುರುತಿನ ಎತ್ತರವೇ ಪ್ರೋಟೀನಿನ ಪ್ರಮಾಣವನ್ನು ಹೇಳುತ್ತದೆ. ಇದೇ ಬಗೆಯ ಪರೀಕ್ಷೆಯಿಂದ 1971ರಲ್ಲಿ ಅಮೆರಿಕದ ಥಿಯೊಡೋರ್ ಜಿಮ್ಮರ್‌ಮನ್ ಮತ್ತು ಆಸ್ಕರ್ ರಾಟ್ನಾಫ್ ತಂಡ, ಈ ಪ್ರೋಟೀನು ಕುಸುಮರೋಗಿಗಳಲ್ಲಿ ಮಾಮೂಲಿನಂತೆಯೇ ಇದ್ದು ವಾನ್ ವಿಲ್ಲೆಬ್ರಾಂಡ್ ರೋಗಿಗಳಲ್ಲಿ ತಗ್ಗಿರುವುದನ್ನು ತೋರಿಸಿತು.

ಅದು ಹುಟ್ಟುವುದು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಹೆರಿಗೆಯಾದ ಮೇಲೆ ಎಸೆಯುವ ಹೊಕ್ಕುಳಬಳ್ಳಿ. ನ್ಯೂಯಾರ್ಕಿನಲ್ಲಿ ಎರಿಕ್ ಜಾಫ್ ಮತ್ತು ಸಂಗಡಿಗರು ಬಳ್ಳಿಯ ಅಭಿಧಮನಿಯನ್ನು ತೊಳೆದು, ಕೊಲಾಜನೇಸ್ ಎಂಬ ಕಿಣ್ವ ತುಂಬಿ ಒಳಹಾಸನ್ನು ಸಡಿಲಿಸಿ, ಬಿಡಿಸಿಬಂದ ಕೋಶಗಳನ್ನು ಪಾತ್ರೆಯಲ್ಲಿ ಬೆಳೆಸಿದರು; ಅವು ನೆಲಕ್ಕೆ ಹಾಸಿದ ಕಲ್ಲುಗಳಂತೆ ಒತ್ತೊತ್ತಾಗಿ ಹರಡಿದವು. ಈ ಕೋಶಗಳೇ ಆ ಪ್ರೋಟೀನನ್ನು ತಯಾರಿಸುತ್ತವೆಂದು 1973ರಲ್ಲಿ ಅವರು ಸಾಬೀತುಪಡಿಸಿದಾಗ, ನಾಳದ ಗೋಡೆಯ ಬಗೆಗಿನ ಹಳೆಯ ಊಹೆಯಲ್ಲಿ ಸತ್ಯದ ಒಂದು ಎಳೆ ಇದ್ದದ್ದು ಕಾಣಿಸಿತು, ಆದರೆ ಅದನ್ನು ತಿಳಿಯಲು ವಾನ್ ವಿಲ್ಲೆಬ್ರಾಂಡ್ ಉಳಿದಿರಲಿಲ್ಲ. ಅವರು 1949ರಲ್ಲೇ ನಿಧನರಾಗಿದ್ದರು. ಎವಾಲ್ಡ್ ವೈಬೆಲ್ ಮತ್ತು ಜಾರ್ಜ್ ಪಲಾಡೆ 1964ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದ, ಉಪಯೋಗ ತಿಳಿಯದ ಕಡ್ಡಿಯಾಕಾರದ ರಚನೆಗಳು ಈ ಪ್ರೋಟೀನಿನ ಉಗ್ರಾಣಗಳೆಂಬುದು 1982ರಲ್ಲಿ ಹೊರಬಿತ್ತು.

ಕೋಶವೇ ಅದನ್ನು ತಯಾರಿಸುವುದಾದರೆ, ಕೋಶ ಕೆಟ್ಟಾಗ ಅದು ರಕ್ತಕ್ಕೆ ಸುರಿಯಲೇಬೇಕು. ಈ ತರ್ಕವನ್ನು ಹಿಡಿದು 1975ರಲ್ಲಿ ಫ್ರಾನ್ಸಿನ ಬೊನ್ಯೂ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಳಹಾಸಿನ ಹಾನಿಯನ್ನೂ ಈ ಪ್ರೋಟೀನನ್ನೂ ಜೋಡಿಸಿ ಬರೆದರು. ಕೊರತೆಯ ಲೆಕ್ಕವಾಗಿದ್ದ ಪರೀಕ್ಷೆ ಅಲ್ಲಿಂದಾಚೆಗೆ ಹೆಚ್ಚಳದ ಲೆಕ್ಕವೂ ಆಗಿ, ಮಧುಮೇಹ, ನಾಳಗಳ ಉರಿಯೂತ, ರಕ್ತದ ನಂಜು ಮುಂತಾದ ರೋಗಗಳ ಅಧ್ಯಯನದಲ್ಲಿ ಬಳಕೆಗೆ ಬಂತು. ಆದರೆ ಇದನ್ನು ಗಾಯದ ನೇರ ಸಾಕ್ಷಿಯೆಂದು ನಂಬುವುದು ಆತುರವಾದೀತು: ಜ್ವರ, ವ್ಯಾಯಾಮ, ಬಸಿರುಗಳಲ್ಲೂ ಇದು ಏರುತ್ತದೆ, ವಯಸ್ಸಿನೊಡನೆ ಹೆಚ್ಚುತ್ತದೆ, ‘ಓ’ ಗುಂಪಿನ ರಕ್ತದವರಲ್ಲಿ ಉಳಿದವರಿಗಿಂತ ಸುಮಾರು ಕಾಲುಭಾಗ ಕಡಿಮೆಯಿರುತ್ತದೆ, ಮತ್ತು ಪ್ಲೇಟ್‌ಲೆಟ್‌ಗಳಲ್ಲೂ ಅದರ ಒಂದು ಪಾಲು ಅಡಗಿರುತ್ತದೆ. ಕೋಶ ಕೆರಳಿದರೂ ಸಾಕು, ಉಗ್ರಾಣದ ಬಾಗಿಲು ತೆರೆಯುತ್ತದೆ.

ಆದ್ದರಿಂದಲೇ ಕೋಶದ ಹೊರಮೈಗೆ ನೆಟ್ಟುಕೊಂಡಿರುವ ಥ್ರಾಂಬೊಮಾಡ್ಯುಲಿನ್ ಎಂಬ ಇನ್ನೊಂದು ಪ್ರೋಟೀನನ್ನೂ ಸಂಶೋಧಕರು ಜೊತೆಗಿಟ್ಟು ಅಳೆಯತೊಡಗಿದರು. 2020ರಲ್ಲಿ ಅಮೆರಿಕದ ಯೇಲ್ ವೈದ್ಯರು ಕೋವಿಡ್ ರೋಗಿಗಳನ್ನು ಪರೀಕ್ಷಿಸಿದಾಗ, ಆರೋಗ್ಯವಂತರಲ್ಲಿ ಶೇ. 100ರ ಆಸುಪಾಸಿನಲ್ಲಿರುವ ವಾನ್ ವಿಲ್ಲೆಬ್ರಾಂಡ್ ಅಂಶ ಸಾಮಾನ್ಯ ವಾರ್ಡಿನವರಲ್ಲಿ ಸರಾಸರಿ ಶೇ. 278, ತೀವ್ರ ನಿಗಾ ಘಟಕದವರಲ್ಲಿ ಶೇ. 565 ಇತ್ತು; ರಕ್ತದಲ್ಲಿ ಥ್ರಾಂಬೊಮಾಡ್ಯುಲಿನ್ ಹೆಚ್ಚಿದ್ದವರಲ್ಲಿ ಸಾವುಗಳೂ ಹೆಚ್ಚಿದ್ದವು. ಆ ಎರಡನೆಯ ಪ್ರೋಟೀನು ಉಗ್ರಾಣದಿಂದ ಹೊರಬಿಟ್ಟದ್ದಲ್ಲ, ಹಾಸಿನ ಮೈಯಿಂದಲೇ ಕಿತ್ತುಬಂದ ಚೂರು.